ತಲೆಗೆ ಪೆಟ್ಟಾಗಿ ಮೂರು ವರ್ಷ: ಊರಿನವರ ಕಣ್ಣಿಗೆ ಗುಣವಾಗಿದ್ದಾರೆ, ಮನೆಯವರಿಗೆ ಮಾತ್ರ ಬೇರೆಯೇ ಮನುಷ್ಯ

ಬದಿಯಡ್ಕದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಬರೆಯಬೇಕೆಂದು ಕುಳಿತು, ಬರೆಯಲಾಗದೆ ಎದ್ದುಹೋಗುತ್ತಿದ್ದ ವಿಷಯವಿದು. ನನ್ನ ಗಂಡನಿಗೆ ಈಗ 41 ವರ್ಷ. ಮೂರು ವರ್ಷಗಳ ಹಿಂದೆ ಮಳೆಗಾಲದ ಆಟಿ ತಿಂಗಳಿನಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಬಿಡಲೆಂದು ಮರ ಹತ್ತಿದ್ದಾಗ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ 9 ದಿನ ವೆಂಟಿಲೇಟರಿನಲ್ಲಿದ್ದರು, ಒಟ್ಟು 40 ದಿನ ಅಲ್ಲಿಯೇ ಕಳೆದೆವು. ದೇವರ ದಯೆಯಿಂದ ಜೀವ ಉಳಿಯಿತು. ಕೈಕಾಲು ಚೆನ್ನಾಗಿದೆ, ಮಾತು ಚೆನ್ನಾಗಿದೆ, ತಲೆಯ ಗಾಯದ ಮೇಲೆ ಕೂದಲು ಬೆಳೆದು ಗುರುತೂ ಕಾಣುವುದಿಲ್ಲ.

ಕಷ್ಟವಿರುವುದು ಕಾಣದ ಕಡೆಯಲ್ಲಿ. ಕಳೆದ ವಾರ ಮದ್ದು ಕಲಸಲು ಹೊರಟರು. ಒಂದು ಡ್ರಮ್ಮಿನ 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಇನ್ನೊಂದರ 50 ಲೀಟರಿಗೆ ಒಂದು ಕಿಲೋ ಸುಣ್ಣ, ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು; ಹದಿನೈದನೆಯ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸ. ತುತ್ತು ಕರಗಿಸಿಟ್ಟು ಸುಣ್ಣದ ಡ್ರಮ್ಮಿನ ಬಳಿಗೆ ಹೋದಾಗ ಮಗ ಚಾವಡಿಯಿಂದ ಏನೋ ಕೇಳಿದ. ಅವನಿಗೆ ಉತ್ತರ ಹೇಳಿ ತಿರುಗುವಷ್ಟರಲ್ಲಿ ಸುಣ್ಣ ಹಾಕಿದ್ದೇನೋ ಇಲ್ಲವೋ ಎಂಬುದು ಅವರಿಗೆ ಮರೆತುಹೋಗಿತ್ತು. ಎರಡನೆಯ ಸಲ ಸುರಿದರು. "ಆಗಲೇ ಹಾಕಿದಿರಲ್ಲ" ಎಂದು ನಾನು ಹೇಳಿದ್ದಕ್ಕೆ ಕಲಸುವ ಕೋಲನ್ನು ಅಂಗಳಕ್ಕೆ ಎಸೆದು ಒಳಗೆ ಹೋಗಿ ಮಲಗಿಬಿಟ್ಟರು. ಸಂಜೆ ಎದ್ದು ಬಂದು, ನಿನ್ನ ಕಣ್ಣೇಕೆ ಕೆಂಪಾಗಿದೆ ಎಂದು ನನ್ನನ್ನೇ ಕೇಳಿದರು.

ಮಿಕ್ಸಿ ತಿರುಗಿಸಿದರೆ ಸಿಟ್ಟು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ದಿನದ ಶಕ್ತಿಯೆಲ್ಲ ಮುಗಿದಿರುತ್ತದೆ. ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಕೇಳಿದವರಿಗೆಲ್ಲ ಸಾಲ ಕೊಡುತ್ತಾರೆ, ಯಾರಿಗೆ ಕೊಟ್ಟೆನೆಂಬ ನೆನಪಿಲ್ಲ. ಅತ್ತೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ನೆಂಟರು ದೈವದ ದೋಷ ಎನ್ನುತ್ತಾರೆ, ನನ್ನ ಗಂಡ ತನಗೇನೂ ಆಗಿಲ್ಲ ಎನ್ನುತ್ತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು: ಇದರಲ್ಲಿ ಪೆಟ್ಟಿನದ್ದು ಯಾವುದು, ಸ್ವಭಾವದ್ದು ಯಾವುದು ಎಂದು ಹೇಗೆ ಬೇರ್ಪಡಿಸುವುದು? ಅವರನ್ನು ಕೆಲಸಕ್ಕೆ ಬಿಡಬೇಕೇ, ತಡೆಯಬೇಕೇ? ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಉಪ್ಪಳದವ

ಅಕ್ಕಾ, ಅಡಿಕೆ ಮರದ ಜಾಗದಲ್ಲಿ ಬೈಕ್ ಎಂದು ಬರೆದರೆ ಇದು ನನ್ನ ಭಾವನ ಕಥೆಯೇ ಆಗುತ್ತದೆ. ವಾಸನೆ ತಿಳಿಯದಿರುವುದು ಕೂಡ.

ಮುಳ್ಳೇರಿಯದ ದಾದಿ

ನಾನು ಹಾಸಿಗೆ ಹಿಡಿದವರ ಆರೈಕೆ ಮಾಡುವ ಪಾಲಿಯೇಟಿವ್ ತಂಡದೊಂದಿಗೆ ಮನೆಮನೆಗೆ ಹೋಗುವ ದಾದಿ. ಡಾಕ್ಟರಲ್ಲ, ಆದರೆ ಇಂಥ ಮನೆಗಳನ್ನು ಬಹಳ ಕಂಡಿದ್ದೇನೆ. ಅಕ್ಕಾ, ನೀವು ಬರೆದದ್ದರಲ್ಲಿ ಸೋಮಾರಿತನದ ಒಂದು ಲಕ್ಷಣವೂ ನನಗೆ ಕಾಣಲಿಲ್ಲ.

ತಲೆಬುರುಡೆಯ ಒಳಗಿನ ತಳವು ನುಣುಪಾಗಿಲ್ಲ. ಹಣೆಯ ಹಿಂದೆ ಮತ್ತು ಕಿವಿಯ ಬದಿಯಲ್ಲಿ ಮೂಳೆಯ ಏಣುಗಳಿವೆ. ಆದುದರಿಂದ ಪೆಟ್ಟು ತಲೆಯ ಯಾವ ಬದಿಗೆ ಬಿದ್ದರೂ ಮೆದುಳು ಒಳಗೆ ಅಲ್ಲಾಡಿದಾಗ ಹೆಚ್ಚಾಗಿ ಜಜ್ಜಿಹೋಗುವುದು ಮುಂಭಾಗ ಮತ್ತು ಬದಿಯ ಭಾಗಗಳೇ. ಕೆಲಸವನ್ನು ಮೊದಲು ಮಾಡುವುದು ಯಾವುದು, ಆಮೇಲೆ ಯಾವುದು ಎಂದು ಜೋಡಿಸುವುದು, ಬಂದ ಸಿಟ್ಟನ್ನು ಬಾಯಿಗೆ ಬಾರದಂತೆ ತಡೆಯುವುದು, ತಾನಾಗಿ ಎದ್ದು ಒಂದು ಕೆಲಸವನ್ನು ಆರಂಭಿಸುವುದು, ಇವೆಲ್ಲ ಮುಂಭಾಗದ ಕೆಲಸಗಳು. ವಾಸನೆಯ ಸೂಕ್ಷ್ಮ ನರಗಳು ಮೂಗಿನ ಮೇಲಿರುವ ಜರಡಿಯಂಥ ಮೂಳೆಯ ತೂತುಗಳ ಮೂಲಕ ಹಾದುಹೋಗುತ್ತವೆ; ಮೆದುಳು ಜರುಗಿದಾಗ ಅವು ತುಂಡಾಗುತ್ತವೆ. ಇದಲ್ಲದೆ ಮೆದುಳಿನ ಉದ್ದನೆಯ ನರತಂತುಗಳು ಎಳೆದಂತಾಗಿ ಹರಿಯುವುದೂ ಉಂಟು, ಅದು ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದು. "ಸ್ಕ್ಯಾನ್ ಸರಿಯಾಗಿದೆಯಲ್ಲ" ಎಂದು ಹೇಳುವ ನೆಂಟರಿಗೆ ಇದನ್ನು ತಿಳಿಸಿರಿ.

ತನಗೇನೂ ಆಗಿಲ್ಲ ಎಂದು ಅವರು ಹೇಳುವುದು ಹಟದಿಂದಲ್ಲ. ತನ್ನಲ್ಲಾದ ಬದಲಾವಣೆಯನ್ನು ತಾನೇ ಅರಿಯುವ ಶಕ್ತಿಗೂ ಪೆಟ್ಟಾಗಿರುತ್ತದೆ. ವಾದ ಮಾಡಿ ಒಪ್ಪಿಸಲು ಹೋದರೆ ಇಬ್ಬರಿಗೂ ದಣಿವಾಗುವುದು ಬಿಟ್ಟು ಬೇರೇನೂ ಸಿಗುವುದಿಲ್ಲ.

ಆದರೆ ಎಲ್ಲವನ್ನೂ ಪೆಟ್ಟಿನ ತಲೆಗೆ ಕಟ್ಟಿ ಸುಮ್ಮನಿರಬೇಡಿರಿ. ಅವರು ಮೂರ್ಛೆ ಬಾರದಂತೆ ಲೆವೆಟಿರಾಸಿಟಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕೆಲವರಲ್ಲಿ ಆ ಮಾತ್ರೆಯೇ ಸಿಡುಕನ್ನು ಹೆಚ್ಚಿಸುತ್ತದೆ. ಡಾಕ್ಟರರಿಗೆ ಹೇಳಿದರೆ ಬದಲಿಸಲು ದಾರಿಯುಂಟು, ನೀವಾಗಿ ನಿಲ್ಲಿಸಲೇಬಾರದು. ಪೆಟ್ಟಿನಿಂದ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಕಡಿಮೆಯಾಗಿದ್ದರೂ ಇಂಥ ಆಯಾಸವಿರುತ್ತದೆ, ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯೇ ಎಂಬುದನ್ನೂ ಕೇಳಿ ನೋಡಿರಿ. ಇವೆಲ್ಲ ಔಷಧಿಗೆ ಬಗ್ಗುವಂಥವು.

ಪೈವಳಿಕೆಯ ಕೃಷಿಕ

ದಾದಿಯವರ ಮಾತಿಗೆ ಗೌರವವಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನನ್ನ ತಮ್ಮನೂ ಬೈಕಿನಿಂದ ಬಿದ್ದು ಪ್ರಜ್ಞೆ ತಪ್ಪಿದ್ದವನೇ. ನಾವು ಅವನನ್ನು ರೋಗಿಯೆಂದು ಕೂರಿಸಲಿಲ್ಲ, ಎರಡನೆಯ ತಿಂಗಳಿನಿಂದಲೇ ತೋಟಕ್ಕೆ ಕರೆದುಕೊಂಡು ಹೋದೆವು, ಎಂಟು ತಿಂಗಳಲ್ಲಿ ಮೊದಲಿನಂತಾದ. ಮನೆಯವರು ಪ್ರತಿಯೊಂದಕ್ಕೂ "ಪಾಪ, ತಲೆಗೆ ಪೆಟ್ಟಾಗಿದೆ" ಎಂದು ಬಿಟ್ಟುಕೊಟ್ಟರೆ ಮನುಷ್ಯ ಅದಕ್ಕೇ ಒಗ್ಗಿಹೋಗುತ್ತಾನೆ. ಮದ್ದು ಕಲಸುವುದನ್ನು ತಪ್ಪಿದರೆ ಇನ್ನೊಮ್ಮೆ ಕಲಸಲಿ, ಒಂದು ಕಿಲೋ ಸುಣ್ಣ ಹೋದರೆ ಹೋಗಲಿ.

ಉಪ್ಪಳದವ

ನಿಮ್ಮ ತಮ್ಮ ಎಷ್ಟು ಹೊತ್ತು ಪ್ರಜ್ಞೆಯಿಲ್ಲದೆ ಇದ್ದರು?

ಪೈವಳಿಕೆಯ ಕೃಷಿಕ

ಆಸ್ಪತ್ರೆಗೆ ಮುಟ್ಟುವ ಮೊದಲೇ ಎಚ್ಚರವಾಗಿತ್ತು. ಹತ್ತು ಹದಿನೈದು ನಿಮಿಷವಿರಬಹುದು.

ಮುಳ್ಳೇರಿಯದ ದಾದಿ

ಅಣ್ಣಾ, ಉತ್ತರ ಅಲ್ಲಿಯೇ ಇದೆ. ಗ್ಲಾಸ್ಗೋ ನಗರದ ಇಬ್ಬರು ವೈದ್ಯರು 1974ರಲ್ಲಿ ಮಾಡಿದ ಒಂದು ಅಳತೆಯನ್ನು ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಇವುಗಳನ್ನು ನೋಡಿ 3ರಿಂದ 15ರ ವರೆಗೆ ಅಂಕ ಕೊಡುವುದು. 13ಕ್ಕಿಂತ ಕಡಿಮೆಯಲ್ಲದಿದ್ದರೆ ಸೌಮ್ಯ, 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ. ನಿಮ್ಮ ತಮ್ಮ ಮೊದಲನೆಯ ಗುಂಪಿನವರಿರಬಹುದು, ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದವರು ಕೊನೆಯ ಗುಂಪಿನವರಾಗಿರುವುದೇ ಹೆಚ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸೌಮ್ಯವೆಂದು ಬರೆದವರಲ್ಲಿಯೂ ಕೆಲವರು ತಿಂಗಳುಗಟ್ಟಲೆ ನರಳುವುದನ್ನು ಕಂಡಿದ್ದೇನೆ, ಅದು ಬೇರೆ ಮಾತು.

ನೀರ್ಚಾಲಿನ ನಿವೃತ್ತ ಮಾಸ್ತರ್

ಸ್ವಭಾವ ಬದಲಾಗುವುದು ಮೆದುಳಿನ ಪೆಟ್ಟಿನಿಂದ ಎಂಬುದು ಹೊಸ ಸಂಗತಿಯೇನಲ್ಲ. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ರೈಲು ದಾರಿಗಾಗಿ ಬಂಡೆ ಒಡೆಯುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಲ್ವಿಚಾರಕನ ಕೆನ್ನೆಯಿಂದ ನುಗ್ಗಿದ ಕಬ್ಬಿಣದ ಸಲಾಕೆ ತಲೆಯ ಮೇಲಿನಿಂದ ಹೊರಬಿತ್ತು. ಬದುಕಿ ಉಳಿದ. ಆದರೆ ಮೊದಲು ಸೌಮ್ಯನೂ ಶಿಸ್ತಿನವನೂ ಆಗಿದ್ದವನು ಒರಟನಾದ, ನಿಂತಲ್ಲಿ ನಿಲ್ಲದವನಾದ. ಅವನು ಗೇಜ್ ಅಲ್ಲವೇ ಅಲ್ಲ ಎಂದು ಗೆಳೆಯರು ಹೇಳಿದರೆಂದು ಅವನ ವೈದ್ಯ ಹಾರ್ಲೋ ಬರೆದಿಟ್ಟಿದ್ದಾನೆ. ಬದಿಯಡ್ಕದ ತಂಗಿ ಬರೆದ ಮಾತನ್ನೇ ಅಂದು ಅಲ್ಲಿಯವರೂ ಹೇಳಿದ್ದರು. ಒಮ್ಮೆ ಬದಲಾದ ಮನುಷ್ಯ ಬದಲಾದಂತೆಯೇ ಎಂದು ಒಪ್ಪಿಕೊಂಡುಬಿಡುವುದು ಮನಸ್ಸಿಗೆ ಹಗುರ ಎಂದು ನನಗೆ ತೋರುತ್ತದೆ.

ಕುಂಬಳೆಯ ತಂಗಿ

ಮಾಸ್ತರರೇ, ಕ್ಷಮಿಸಿರಿ, ಗೇಜನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಬಾರದು. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿಯನ್ನು ಓಡಿಸಿದ. ದಿನವೂ ಅದೇ ಹೊತ್ತಿಗೆ ಏಳುವುದು, ಅದೇ ಕುದುರೆಗಳನ್ನು ಕಟ್ಟುವುದು, ಅದೇ ದಾರಿ. ಆ ಕಟ್ಟುನಿಟ್ಟಾದ ದಿನಚರಿಯೇ ಅವನನ್ನು ಬಹಳಷ್ಟು ಸರಿಪಡಿಸಿರಬೇಕು ಎಂದು ಇತ್ತೀಚೆಗೆ ಅವನ ಬದುಕನ್ನು ಶೋಧಿಸಿದವರು ಹೇಳುತ್ತಾರೆ. 1860ರಲ್ಲಿ ಮೂರ್ಛೆರೋಗದಿಂದ ತೀರಿಕೊಂಡದ್ದು ನಿಜ. ಆದರೆ ನಡುವಿನ ಆ ವರ್ಷಗಳನ್ನು ಬಿಟ್ಟು ಹೇಳಿದರೆ ಅಕ್ಕನ ಮನಸ್ಸಿಗೆ ಸುಮ್ಮನೆ ನೋವಾಗುತ್ತದೆ. ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಆಗುವ ಚೇತರಿಕೆ ವೇಗವಾದದ್ದು, ಆಮೇಲೆ ನಿಧಾನ. ನಿಧಾನವೆಂದರೆ ನಿಂತಿತೆಂದು ಅರ್ಥವಲ್ಲ.

ನೀರ್ಚಾಲಿನ ನಿವೃತ್ತ ಮಾಸ್ತರ್

ತಿದ್ದಿದ್ದಕ್ಕೆ ಸಂತೋಷ. ಚಿಲಿಯ ಭಾಗ ನನಗೆ ತಿಳಿದಿರಲಿಲ್ಲ.

ಬಾಯಾರಿನ ಮಗ

ನನ್ನ ತಂದೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಐದು ವರ್ಷಗಳ ಹಿಂದೆ ರಸ್ತೆ ದಾಟುವಾಗ ಸ್ಕೂಟರ್ ತಾಗಿ ಬಿದ್ದರು. ಈಗ ಬೆಳಿಗ್ಗೆ ತಿಂದದ್ದು ದೋಸೆಯೋ ಪುಂಡಿಯೋ ಎಂದು ಕೇಳಿದರೆ ಹೇಳಲಾರರು. ಆದರೆ ಯಾರಾದರೂ ಭಾಗವತಿಕೆಯ ಒಂದು ಪದ್ಯವನ್ನು ಎತ್ತಿಕೊಟ್ಟರೆ ಮುಂದಿನ ಅರ್ಥ ನೀರಿನ ಹಾಗೆ ಹರಿಯುತ್ತದೆ. ಹಳೆಯ ನೆನಪು ಬೇರೂರಿರುತ್ತದೆ, ಹೊಸದನ್ನು ಹಿಡಿದಿಡುವ ಶಕ್ತಿ ಮಾತ್ರ ಹೋಗಿರುತ್ತದೆ ಎಂದು ಡಾಕ್ಟರರು ಬಿಡಿಸಿ ಹೇಳಿದ ಮೇಲೆಯೇ ನಮಗೆ ಅರ್ಥವಾಯಿತು. ಅದಕ್ಕೆ ಮೊದಲು "ಬೇಕಾದದ್ದು ಮಾತ್ರ ನೆನಪಿರುತ್ತದೆ ಇವರಿಗೆ" ಎಂದು ನಾನೇ ಮುಖಕ್ಕೆ ಹೊಡೆದಂತೆ ಹೇಳಿದ್ದೆ. ಆ ಮಾತನ್ನು ನೆನೆದಾಗಲೆಲ್ಲ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಒಮ್ಮೆ ಕೂಟಕ್ಕೆ ಕರೆದುಕೊಂಡು ಹೋದೆ. ಚೆಂಡೆ ಏರುತ್ತಿದ್ದಂತೆ ಎರಡೂ ಕಿವಿಗಳನ್ನು ಮುಚ್ಚಿಕೊಂಡು ತಲೆ ಬಗ್ಗಿಸಿ ಕುಳಿತರು, ಹಣೆಯೆಲ್ಲ ಬೆವರು. ಜೀವಮಾನವಿಡೀ ಚೆಂಡೆಯ ಬದಿಯಲ್ಲಿ ಕುಳಿತವರು. ಈಗ ನಮ್ಮ ಚಾವಡಿಯಲ್ಲಿಯೇ ತಿಂಗಳಿಗೊಮ್ಮೆ ಇಬ್ಬರು ಹಳೆಯ ಜೊತೆಗಾರರು ಬರುತ್ತಾರೆ. ಚೆಂಡೆ ಬೇಡ, ಮದ್ದಳೆಯೂ ಮೆಲ್ಲಗೆ, ಮುಕ್ಕಾಲು ಗಂಟೆಗೆ ನಿಲ್ಲಿಸುತ್ತೇವೆ. ಆ ರಾತ್ರಿ ಅವರು ಚೆನ್ನಾಗಿ ನಿದ್ದೆ ಮಾಡುತ್ತಾರೆ. ಅಕ್ಕಾ, ಪೂರ್ತಿ ಬಿಡಿಸುವುದೂ ಬೇಡ, ಪೂರ್ತಿ ಬಿಡುವುದೂ ಬೇಡ, ಅಳತೆ ಕಡಿಮೆ ಮಾಡಿರಿ.

ಕುಂಬಳೆಯ ತಂಗಿ

ನನ್ನ ಅಣ್ಣನದ್ದು ಇನ್ನೊಂದು ಬಗೆಯ ಕಷ್ಟ, ನಮ್ಮ ಈ ಗಡಿನಾಡಿನವರಿಗೇ ಮೀಸಲಾದದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಞಂಗಾಡಿನಲ್ಲಿ ಕೆಲಸಕ್ಕಿದ್ದಾಗ ದಿನವಿಡೀ ಮಲಯಾಳ. ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವವಾಗಿ ಮಾತು ನಿಂತುಹೋಯಿತು. ಹದಿನೇಳನೆಯ ದಿನ "ಅಪ್ಪೆ" (ತುಳುವಿನಲ್ಲಿ ಅಮ್ಮ) ಎಂದ. ಆಮೇಲೆ ಬಂದದ್ದೆಲ್ಲ ತುಳು, ಬಳಿಕ ಬಿಡಿಬಿಡಿಯಾಗಿ ಕನ್ನಡ. ಮಲಯಾಳ ಮಾತ್ರ ಹತ್ತಿರ ಸುಳಿಯಲಿಲ್ಲ.

ಆಗ ನಮಗೆ ಸಿಕ್ಕಿದ ಮಾತಿನ ಚಿಕಿತ್ಸಕರಿಗೆ ಮಲಯಾಳ ಬಿಟ್ಟು ಬೇರೆ ಬಾರದು. ಪೆನ್ನು, ಬೀಗದಕೈ, ಗಡಿಯಾರಗಳ ಚಿತ್ರ ತೋರಿಸಿ ಹೆಸರು ಕೇಳಿದರು. ಅಣ್ಣ ಬೆವರುತ್ತಾ ನನ್ನ ಮುಖ ನೋಡಿದ. ನಾನು ತುಳುವಿನಲ್ಲಿ ಕೇಳಿದ ಕೂಡಲೇ ಬೀಗದಕೈಯ ಮೇಲೆ ಬೆರಳಿಟ್ಟ. ಆದರೂ ಕಾಗದದಲ್ಲಿ "ಗ್ರಹಿಕೆ ಬಹಳ ಕಡಿಮೆ" ಎಂದೇ ಬರೆಯಲಾಯಿತು. ಆ ಒಂದು ಸಾಲನ್ನು ತೆಗೆಸಲು ಒಂದು ವರ್ಷ ಬೇಕಾಯಿತು. ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿ ಕನ್ನಡದಲ್ಲಿಯೇ ಪರೀಕ್ಷೆ ಮಾಡಿದರು, ಅರ್ಥ ಮಾಡಿಕೊಳ್ಳುವುದರಲ್ಲಿ ಕೊರತೆ ಕಡಿಮೆ, ಪದ ಹುಡುಕುವುದರಲ್ಲಿ ಹೆಚ್ಚು ಎಂದರು. ಗಡಿನಾಡಿನ ಎಲ್ಲರಿಗೂ ನನ್ನ ವಿನಂತಿ ಇಷ್ಟೇ: ಪರೀಕ್ಷೆ ಮಾಡುವ ಮೊದಲು ರೋಗಿಯ ಭಾಷೆ ಯಾವುದೆಂದು ಬರೆಸಿರಿ, ಆ ಭಾಷೆ ಬಲ್ಲ ಮನೆಯವರೊಬ್ಬರು ಬದಿಯಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿರಿ.

ನೀರ್ಚಾಲಿನ ನಿವೃತ್ತ ಮಾಸ್ತರ್

ಮೊದಲು ಕಲಿತ ಭಾಷೆಯೇ ಮೊದಲು ಮರಳುತ್ತದೆ ಎಂದು ಫ್ರಾನ್ಸಿನ ರಿಬೋ ಎಂಬಾತ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಹಾಗಾದರೆ ಇಂಥ ಮನೆಗಳಲ್ಲಿ ತಾಯಿನುಡಿಯೊಂದನ್ನೇ ಆಡಿ, ಉಳಿದವುಗಳನ್ನು ಬೆರೆಸದೆ ಇರುವುದು ಒಳ್ಳೆಯದಲ್ಲವೇ?

ಕುಂಬಳೆಯ ತಂಗಿ

ಅದೇ ದೇಶದ ಪಿತ್ರ್ ಎಂಬ ವೈದ್ಯ 1895ರಲ್ಲಿ ಬೇರೆ ಮಾತು ಹೇಳಿದ, ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಬರುತ್ತದೆ ಎಂದು. ಎಲ್ಲರಿಗೂ ಸಲ್ಲುವ ನಿಯಮ ಎರಡೂ ಅಲ್ಲವೆಂದು ಮೈಸೂರಿನಲ್ಲಿ ತಿಳಿಸಿದರು. ನಮ್ಮಲ್ಲಿ ಯಾರು ತಾನೇ ಬೆರೆಸದೆ ಮಾತನಾಡುತ್ತಾರೆ? ಅಣ್ಣನಿಗೆ ಯಾವ ಪದ ಮೊದಲು ಸಿಕ್ಕುತ್ತದೋ ಅದನ್ನು ಹೇಳಲು ಬಿಡುತ್ತೇವೆ. ಪದ ಸಿಗದಾಗ ನಾವು ಬಾಯಿ ಹಾಕದೆ ಕಾಯುತ್ತೇವೆ. ಕಾಯುವುದೇ ಎಲ್ಲಕ್ಕಿಂತ ಕಷ್ಟ.

ಕಾಸರಗೋಡಿನ ವಕೀಲರ ಗುಮಾಸ್ತ

ವಾಹನ ಅಪಘಾತದಿಂದ ಪೆಟ್ಟಾದವರ ಮನೆಯವರಿಗೆ ಒಂದೆರಡು ಮಾತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು 2019ರ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವನ್ನು ಸೇರಿಸಲಾಗಿದೆ. ರೋಗಿಯ ಮಂಚದ ಬದಿಯಲ್ಲಿ ಕುಳಿತವರಿಗೆ ಆರು ತಿಂಗಳು ಹೋದದ್ದೇ ತಿಳಿಯುವುದಿಲ್ಲ. ಗಡುವು ದಾಟಿದ್ದರೂ ಆಸೆ ಬಿಡದೆ ವಕೀಲರನ್ನು ಕಾಣಿರಿ.

ಎರಡನೆಯದಾಗಿ, ಶೇಕಡಾವಾರು ಲೆಕ್ಕವನ್ನೇ ಕೊನೆಯ ಮಾತೆಂದು ತಿಳಿಯಬೇಡಿರಿ. ದೇಹದ ಊನ ಎಷ್ಟು ಶೇಕಡಾ ಎಂಬುದು ಬೇರೆ, ಅದರಿಂದ ಆ ಮನುಷ್ಯನ ದುಡಿಮೆ ಎಷ್ಟು ಶೇಕಡಾ ಹೋಯಿತು ಎಂಬುದು ಬೇರೆ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೈಕಾಲು ನೆಟ್ಟಗಿದ್ದು ಲೆಕ್ಕ ಬರೆಯುವ ತಲೆ ಹೋದ ಗುಮಾಸ್ತನೊಬ್ಬನಿಗೆ ಉಳಿಯುವುದೇನು? ತಲೆಗೆ ಪೆಟ್ಟಾದ ಬಾಲಕಿಯೊಬ್ಬಳ ಮೊಕದ್ದಮೆಯಲ್ಲಿ, ನೋಡಿಕೊಳ್ಳುವವರ ಖರ್ಚನ್ನೂ ಅವಳ ಬದುಕಿನ ವರ್ಷಗಳಿಗೆ ಅನ್ವಯವಾಗುವಂತೆ ಲೆಕ್ಕ ಹಾಕಬೇಕೆಂದು ಅದೇ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಆದುದರಿಂದ ಮರೆವು, ಸಿಟ್ಟು, ಆಯಾಸ ಇವುಗಳನ್ನು ಮೊದಲ ದಿನದಿಂದಲೇ ಡಾಕ್ಟರರ ಚೀಟಿಯಲ್ಲಿ ಬರೆಸಿಕೊಳ್ಳಿರಿ. ಬರೆಯದೆ ಉಳಿದದ್ದನ್ನು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಬದಿಯಡ್ಕದ ಗೃಹಿಣಿ

ನಮ್ಮದು ಮರದಿಂದ ಬಿದ್ದದ್ದು, ವಾಹನವಲ್ಲ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋದಾಗ ನಡೆದು ತೋರಿಸಲು ಹೇಳಿದರು, ನಡೆದರು, "ಇವರಿಗೇನಾಗಿದೆ?" ಎಂದು ಕೇಳಿ ಕಳುಹಿಸಿದರು.

ಕಾಸರಗೋಡಿನ ವಕೀಲರ ಗುಮಾಸ್ತ

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ಊನಗಳ ಪಟ್ಟಿಯಿದೆ, ಮೆದುಳಿನ ಪೆಟ್ಟು ಎಂಬ ಹೆಸರು ಅದರಲ್ಲಿಲ್ಲ. ಹೆಸರಿಲ್ಲವೆಂದರೆ ದಾರಿಯಿಲ್ಲವೆಂದಲ್ಲ. ಪೆಟ್ಟಿನ ಪರಿಣಾಮ ಯಾವುದೋ ಅದರ ಅಡಿಯಲ್ಲಿ ಕೇಳಬೇಕು. ಮಾತು ಹೋದವರಿಗೆ ವಾಕ್ ಮತ್ತು ಭಾಷೆಯ ಊನ ಎಂಬ ವಿಭಾಗವಿದೆ, ನಡವಳಿಕೆ ಬದಲಾದವರನ್ನು ಮನೋರೋಗ ತಜ್ಞರು ಪರೀಕ್ಷಿಸಬೇಕು. ಮೊದಲು ನೆನಪು, ಗಮನ, ಯೋಚನೆಗಳನ್ನು ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿ ಆ ವರದಿಯನ್ನು ಹಿಡಿದುಕೊಂಡು ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ಕನ್ನಡದಲ್ಲಿಯೇ ಆಗುತ್ತದೆ. 40 ಶೇಕಡಾ ಮುಟ್ಟಿದರೆ ಹೆಚ್ಚಿನ ಸವಲತ್ತುಗಳಿಗೆ ಅರ್ಹತೆ ಬರುತ್ತದೆ. ನೋಡಿಕೊಳ್ಳುವವರಿಗೆ ಕೇರಳ ಸರಕಾರದ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿಯೂ ಉಂಟು.

ಮುಳ್ಳೇರಿಯದ ದಾದಿ

ಒಂದು ತಿದ್ದುಪಡಿ. ಆಶ್ವಾಸಕಿರಣಂ ಇರುವುದು ಹಾಸಿಗೆ ಹಿಡಿದವರಂಥ, ಇಡೀ ಹೊತ್ತು ಒಬ್ಬರು ಬದಿಯಲ್ಲಿರಲೇಬೇಕಾದ ರೋಗಿಗಳ ಮನೆಯವರಿಗೆ. ನಡೆದಾಡುವವರ ಮನೆಗೆ ಅದು ಸಿಗುವುದು ಕಷ್ಟ. ಅಕ್ಕನಿಗೆ ಸುಮ್ಮನೆ ಆಸೆ ಹುಟ್ಟಿಸುವುದು ಬೇಡ.

ಮಂಜೇಶ್ವರದ ಬಟ್ಟೆ ಅಂಗಡಿಯವ

ನೀವೆಲ್ಲರೂ ಯಾರ ಬಗ್ಗೆ ಬರೆಯುತ್ತಿದ್ದೀರೋ ಅಂಥವರಲ್ಲಿ ನಾನೂ ಒಬ್ಬ. ಆರು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ಪೆಟ್ಟಾಯಿತು. ಈ ಬರಹವನ್ನು ಮೂರು ದಿನಗಳಿಂದ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ, ಆದುದರಿಂದ ಹೇಳಿದ್ದನ್ನೇ ಮತ್ತೆ ಹೇಳಿದ್ದರೆ ಮನ್ನಿಸಿರಿ.

ಮೊದಲು ಆಯಾಸದ ಬಗ್ಗೆ. ತೋಟದ ಕೆಲಸ ಮಾಡಿ ಮೈ ದಣಿದಾಗ ಕುಳಿತು ನೀರು ಕುಡಿದರೆ ಸುಧಾರಿಸುತ್ತದೆ. ಇದು ಹಾಗಲ್ಲ. ಫ್ಯಾನಿನ ಸದ್ದು, ರಸ್ತೆಯ ಹಾರ್ನ್, ಬದಿಯ ಮೊಬೈಲ್ ಅಂಗಡಿಯ ಹಾಡು, ಎದುರಿಗೆ ನಿಂತ ಗಿರಾಕಿಯ ಮಾತು, ಇವೆಲ್ಲ ನನ್ನ ಕಿವಿಗೆ ಒಂದೇ ಗಾತ್ರದಲ್ಲಿ ಬೀಳುತ್ತವೆ. ಅವುಗಳೊಳಗಿಂದ ಗಿರಾಕಿಯ ಮಾತನ್ನು ಹೆಕ್ಕಿ ತೆಗೆಯುವುದರಲ್ಲಿಯೇ ನನ್ನ ಬೆಳಗು ಮುಗಿಯುತ್ತದೆ. ಹನ್ನೆರಡೂವರೆಗೆ ಕಣ್ಣಿನ ಹಿಂದೆ ಭಾರ ಇಳಿಯುತ್ತದೆ, ಆಮೇಲೆ ನೋಟು ಎಣಿಸಿದರೆ ಹದಿನಾಲ್ಕಕ್ಕೋ ಹದಿನೈದಕ್ಕೋ ಲೆಕ್ಕ ತಪ್ಪುತ್ತದೆ. ನನ್ನ ಹೆಂಡತಿ ಗಲ್ಲಾಪೆಟ್ಟಿಗೆಯಲ್ಲಿ ನೋಟಿಗೊಂದು ಖಾನೆ ಮಾಡಿಸಿದ್ದಾಳೆ, ಹತ್ತು ನೋಟಿಗೊಂದು ರಬ್ಬರ್ ಬ್ಯಾಂಡ್. ಒಂದರಿಂದ ನಾಲ್ಕರ ವರೆಗೆ ಬಾಗಿಲು ಹಾಕುತ್ತೇನೆ. ನಷ್ಟವಾಗುತ್ತದೆ, ಗೊತ್ತು. ಆದರೆ ನಾಲ್ಕರ ಮೇಲೆ ನಾನು ಮನುಷ್ಯನಾಗಿ ಉಳಿದಿರುತ್ತೇನೆ.

ಸಿಟ್ಟಿನ ಬಗ್ಗೆ. ಸೀನು ಬರುವಾಗ ಹೇಗೆ ಮೊದಲೇ ತಿಳಿಯುವುದಿಲ್ಲವೋ ಹಾಗೆಯೇ ಅದು. ಬಂದುಹೋದ ಮೇಲೆ ಎದುರಿಗಿದ್ದವರ ಮುಖ ನೋಡಿ ಏನೋ ಆಗಿದೆಯೆಂದು ತಿಳಿಯುತ್ತದೆ. ಅಕ್ಕಾ, ನಿಮ್ಮ ಯಜಮಾನರು ಸಂಜೆ ಬಂದು ಕಣ್ಣೇಕೆ ಕೆಂಪಾಗಿದೆ ಎಂದು ಕೇಳಿದರೆಂದು ಬರೆದಿದ್ದೀರಿ. ಅವರು ನಿಜವಾಗಿಯೂ ತಿಳಿಯದೆ ಕೇಳಿದ್ದಾರೆ. ನಾನೂ ಹಾಗೆ ಕೇಳಿದ್ದೇನೆ. ಕೋಪ ಬಂದಾಗ ನನ್ನವಳು ಉತ್ತರ ಕೊಡುವುದಿಲ್ಲ, ಹಿತ್ತಿಲಿಗೆ ಹೋಗುತ್ತಾಳೆ. ಹತ್ತು ನಿಮಿಷದ ಮೇಲೆ ಬಂದು, ಆದದ್ದು ಇದು ಎಂದು ನಿಧಾನವಾಗಿ ಹೇಳುತ್ತಾಳೆ. ನಾಳೆಗೆ ಮರೆಯುತ್ತೇನೆಂದು ಸುಮ್ಮನಿದ್ದರೆ ನನಗೆ ಕಲಿಯುವ ದಾರಿಯೇ ಇರುವುದಿಲ್ಲ.

ಕೊನೆಯದಾಗಿ, ನಾನು ಎದುರಿಗೆ ಕುಳಿತಿರುವಾಗಲೇ "ಇವರು ಹೇಗಿದ್ದಾರೆ?" ಎಂದು ಹೆಂಡತಿಯನ್ನು ಕೇಳುತ್ತಾರೆ. ನನ್ನನ್ನೇ ಕೇಳಿರಿ. ಉತ್ತರ ತಡವಾಗಬಹುದು, ಆದರೆ ಬರುತ್ತದೆ.

ಬಾಯಾರಿನ ಮಗ

ಅಣ್ಣಾ, ನಿಮ್ಮ ಬರಹವನ್ನು ತಾಯಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು.

ಉಪ್ಪಳದವ

ಭಾವ ಈಗ ಸ್ಕೂಟರ್ ಬಿಡಲು ಹಟ ಮಾಡುತ್ತಿದ್ದಾರೆ. ಕೊಡಬಹುದೇ? ಎರಡು ವರ್ಷದಿಂದ ಮೂರ್ಛೆ ಬಂದಿಲ್ಲ, ಹಾಗಾಗಿ ಮಾತ್ರೆಯನ್ನೂ ಬಿಟ್ಟಿದ್ದಾರೆ.

ಮುಳ್ಳೇರಿಯದ ದಾದಿ

ಮಾತ್ರೆಯನ್ನು ಯಾರನ್ನು ಕೇಳಿ ಬಿಟ್ಟರು? ನಾಳೆಯೇ ಡಾಕ್ಟರರನ್ನು ಕಾಣಿಸಿರಿ. ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ ಮರುಕಳಿಸಿ ನಿಲ್ಲದೆ ಹೋಗುವ ಅಪಾಯವಿದೆ. ತಲೆಗೆ ಪೆಟ್ಟಾಗಿ ಹಲವು ವರ್ಷಗಳ ಮೇಲೂ ಮೊದಲ ಮೂರ್ಛೆ ಬರುವುದುಂಟು. ಲೈಸೆನ್ಸಿನ ಅರ್ಜಿಯಲ್ಲಿಯೂ ಮೂರ್ಛೆರೋಗವಿದೆಯೇ ಎಂಬ ಪ್ರಶ್ನೆಯಿದೆ, ಅದು ಸುಮ್ಮನೆ ಇಟ್ಟದ್ದಲ್ಲ. ಶೇಂದಿ, ಸಾರಾಯಿ ಒಂದು ಗುಟುಕೂ ಬೇಡ. ಮರ ಹತ್ತುವುದು, ಬಾವಿಯ ಕಟ್ಟೆಯ ಬಳಿ ಒಬ್ಬರೇ ನಿಲ್ಲುವುದು, ಕೆರೆಯಲ್ಲಿ ಒಬ್ಬರೇ ಮೀಯುವುದು, ಇವಕ್ಕೂ ಇದೇ ಮಾತು.

ಸೀತಾಂಗೋಳಿಯಿಂದ

ವಾಸನೆ ತಿಳಿಯದವರ ಮನೆಯಲ್ಲಿ ಗ್ಯಾಸ್ ಸೋರಿಕೆಯನ್ನು ತಿಳಿಸುವ ಅಲಾರಂ ಇಡುವುದು ಒಳ್ಳೆಯದು. ನನ್ನ ಅಕ್ಕ ಹಾಲು ಸೀದು ಹೊಗೆ ತುಂಬಿದಾಗಲೂ ಅಡುಗೆಮನೆಯಲ್ಲಿಯೇ ಕುಳಿತಿದ್ದಳು, ಅಂದಿನಿಂದ ನಮಗೆ ಬುದ್ಧಿ ಬಂತು. ಅಲಾರಂ ನೆಲದ ಹತ್ತಿರವೇ ಇರಲಿ, ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ನಿಲ್ಲುತ್ತದೆ. ಹಳಸಿದ ಸಾರು ಉಣ್ಣದಂತೆ ಪಾತ್ರೆಯ ಮೇಲೆ ದಿನವನ್ನೂ ಬರೆದಿಡುತ್ತೇವೆ.

ಪೈವಳಿಕೆಯ ಕೃಷಿಕ

ಅಂಗಡಿಯ ಅಣ್ಣನ ಮಾತನ್ನು ಎರಡು ಸಲ ಓದಿದೆ. ಬಿಟ್ಟುಕೊಟ್ಟರೆ ಒಗ್ಗಿಹೋಗುತ್ತಾನೆ ಎಂದು ನಾನು ಬರೆದದ್ದು ತಪ್ಪು. ಆದರೆ ಕೆಲಸ ಬಿಡಿಸಬೇಡಿ ಎಂಬುದನ್ನು ಈಗಲೂ ಹೇಳುತ್ತೇನೆ, ಗಾಡಿ ಓಡಿಸಿದವನ ಕಥೆಯೂ ಅದನ್ನೇ ಹೇಳುತ್ತದೆ. ಬದಿಯಡ್ಕದ ತಂಗೀ, ಮರ ಹತ್ತಿಸಲೇಬೇಡ. ಈಗ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಅಡಿಕೆ ಗೊನೆಯನ್ನೂ ಕೊಯ್ಯಬಹುದು. ಕಲಸುವ ಕೆಲಸವನ್ನು ಅವರಿಗೇ ಬಿಡು, ಕ್ರಮವನ್ನು ಬರೆದು ಕಣ್ಣೆದುರು ತೂಗುಹಾಕು.

ಬದಿಯಡ್ಕದ ಗೃಹಿಣಿ

ಹತ್ತು ದಿನಗಳ ಮೇಲೆ ಬರೆಯುತ್ತಿದ್ದೇನೆ. ಡಾಕ್ಟರರನ್ನು ಕಂಡೆವು, ಮಾತ್ರೆ ದಾದಿಯವರು ಹೇಳಿದ್ದೇ ಆಗಿತ್ತು, ನಿಧಾನವಾಗಿ ಬದಲಿಸುತ್ತಿದ್ದಾರೆ. ರಕ್ತ ಕೊಟ್ಟು ಬಂದಿದ್ದೇವೆ, ವರದಿ ಬರಬೇಕಷ್ಟೇ. ನಿಮ್ಹಾನ್ಸ್‌ಗೆ ಹೋಗುವುದನ್ನು ಅಡಿಕೆ ಮಾರಿದ ಮೇಲೆ ಎಂದು ಇಟ್ಟುಕೊಂಡಿದ್ದೇವೆ. ಅತ್ತೆಯವರಿಗೆ ಅಂಗಡಿಯ ಅಣ್ಣನ ಬರಹವನ್ನು ಓದಿ ಹೇಳಿದೆ. ಏನೂ ಹೇಳಲಿಲ್ಲ, ಆದರೆ ಮರುದಿನ ತೆಂಗಿನಕಾಯಿಯನ್ನು ಮಿಕ್ಸಿಗೆ ಹಾಕದೆ ಹಿಂದಿನ ಜಗಲಿಯ ಕಲ್ಲಿನಲ್ಲಿ ಅರೆದರು.

ನಿನ್ನೆ ಮಳೆ ಬಿಟ್ಟಿತ್ತು. ಕೊಟ್ಟಿಗೆಯ ಗೋಡೆಯಲ್ಲಿ ಮಗ ಸೀಮೆಸುಣ್ಣದಿಂದ ಐದು ಸಾಲು ಬರೆದ, ಒಂದೊಂದು ಮುಗಿದಂತೆ ಅದರ ಎದುರು ಗೆರೆ ಎಳೆಯುವುದೆಂದು ಮಾತಾಯಿತು. ಬೇರೆ ಯಾರೂ ಅಂಗಳಕ್ಕೆ ಇಳಿಯಲಿಲ್ಲ, ಯಾರೂ ಕರೆಯಲಿಲ್ಲ. ತುತ್ತು ಕರಗಿಸಿದರು, ಗೆರೆ ಎಳೆದರು. ಸುಣ್ಣ ಹಾಕಿದರು, ಗೆರೆ ಎಳೆಯಲು ಮರೆತು ಎರಡು ಹೆಜ್ಜೆ ನಡೆದು ತಾವಾಗಿಯೇ ಹಿಂದೆ ಬಂದು ಎಳೆದರು. ಎಲ್ಲ ಕಲಸಿಯಾದ ಮೇಲೆ ಚೂರಿಯ ಅಲಗನ್ನು ಅದ್ದಿ ಮಗನಿಗೆ ತೋರಿಸಿದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. "ಸುಣ್ಣ ಸಾಲದು" ಎಂದರು. ಇದು ಗೋಡೆಯ ಮೇಲೆ ಬರೆದ ಮಾತಲ್ಲ, ಅವರದ್ದೇ ಮಾತು. ಇನ್ನೊಂದು ಹಿಡಿ ಹಾಕಿಸಿ ಮತ್ತೆ ಅದ್ದಿದಾಗ ಅಲಗು ಶುಭ್ರವಾಗಿತ್ತು.

ಮದ್ದು ಬಿಡುವ ಕೆಲಸಕ್ಕೆ ದೋಟಿಯವರು ಬಂದಿದ್ದರು. ಇವರು ಹನ್ನೊಂದು ಗಂಟೆಗೆ ಮಲಗಿದವರು ಮೂರಕ್ಕೆ ಎದ್ದರು. ಮಗ ಅಷ್ಟು ಹೊತ್ತೂ ಟಿವಿ ಹಾಕದೆ ಕೋಣೆಯ ಬಾಗಿಲ ಬಳಿ ಕುಳಿತು ಲೆಕ್ಕ ಮಾಡುತ್ತಿದ್ದ.